ಎಲೆಯ ಚಾವಣಿಯ ಹಬ್ಬ

ಬೆಳೆ ಮನೆಗೆ ಬಂದಾಗ ಮನುಷ್ಯನಿಗೆ ಸಂತೋಷವಾಗುತ್ತದೆ. ಅದರ ಬೆನ್ನಿಗೇ ‘ಇದೆಲ್ಲ ನನ್ನದು’ ಎಂಬ ಅಹಂಕಾರವೂ ಹುಟ್ಟುತ್ತದೆ. ಸಂತೋಷವನ್ನು ಉಳಿಸಿ ಅಹಂಕಾರವನ್ನು ಕಳೆಯುವ ಉಪಾಯವನ್ನು ಯೆಹೂದ್ಯರು ತಮ್ಮ ಸುಗ್ಗಿಯ ಹಬ್ಬದಲ್ಲಿಯೇ ಇರಿಸಿಕೊಂಡಿದ್ದಾರೆ. ಅದರ ಹೆಸರು ಸುಕ್ಕೋತ್. ಗುಡಿಸಲುಗಳು ಎಂದು ಅದರ ಅರ್ಥ.

ಅವರ ಪಂಚಾಂಗದ ತಿಶ್ರಿ ಮಾಸದ 15ನೆಯ ದಿನ, ಅಂದರೆ ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳ ಹುಣ್ಣಿಮೆಯ ವೇಳೆಗೆ, ಈ ಹಬ್ಬವು ಆರಂಭವಾಗುತ್ತದೆ. ಗೃಹಸ್ಥರು ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಗುಡಿಸಲು ಕಟ್ಟಿ, 7 ದಿನ ಅದರಲ್ಲಿ ಊಟ ಮಾಡುತ್ತಾರೆ. ಅನೇಕರು ಅಲ್ಲಿಯೇ ಮಲಗುತ್ತಾರೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಪೂರ್ವಜರು ಮರುಭೂಮಿಯಲ್ಲಿ ಗುಡಿಸಲುಗಳಲ್ಲಿ ವಾಸಿಸಿದರೆಂಬುದರ ಸ್ಮರಣೆ ಇದು. ಬಡವರನ್ನೂ ಊಟಕ್ಕೆ ಕರೆಯಬೇಕೆಂಬುದು ಅವರ ಧರ್ಮಶಾಸ್ತ್ರದ ಮಾತು. ದಾಸೋಹವನ್ನು ಬಲ್ಲ ನಮಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಗುಡಿಸಲಿನ ಗೋಡೆಗೆ ಯಾವ ವಸ್ತುವಾದರೂ ಆದೀತು. ಚಾವಣಿಗೆ ಮಾತ್ರ ಕಟ್ಟುನಿಟ್ಟು. ನೆಲದಲ್ಲಿ ಬೆಳೆದು, ಕತ್ತರಿಸಿ ತಂದ ಗರಿ, ಬಿದಿರು, ಕೊಂಬೆಗಳನ್ನೇ ಹೊದಿಸಬೇಕು. ತಗಡು, ಪ್ಲಾಸ್ಟಿಕ್ ಸಲ್ಲವು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ರಾತ್ರಿ ಸಂದುಗಳಲ್ಲಿ ನಕ್ಷತ್ರಗಳು ಕಾಣುವಂತಿದ್ದರೆ ಒಳಿತು. ಮನೆಯನ್ನು ಸ್ಥಾವರವೆಂದು ನಂಬಿ ಕುಳಿತವನನ್ನು ಈ ಹಬ್ಬವು ಒಂದು ವಾರ ಹೊರಗೆ ಕರೆಯುತ್ತದೆ.

ಒಳಗಿನ ಅಲಂಕಾರವು ಹೆಚ್ಚಾಗಿ ಮಕ್ಕಳ ಪಾಲಿನದು. ಕಾಗದದ ಸರಪಳಿ, ದಾರದಲ್ಲಿ ಪೋಣಿಸಿದ ಒಣಹಣ್ಣು, ತೂಗುಹಾಕಿದ ದಾಳಿಂಬೆ, ಗೋಧಿಯ ತೆನೆ ಇವೇ ಅದರ ಸಾಮಗ್ರಿ. ಅಂಗಡಿಯ ಮಿನುಗು ಹಾಳೆ, ಪ್ಲಾಸ್ಟಿಕ್ ಹಣ್ಣುಗಳು ಅಲ್ಲಿಗೂ ಬಂದಿವೆ. ಆದರೂ ಹಳೆಯ ಕಾಗದ, ಬಟ್ಟೆಯ ತುಂಡು, ಬೀಜಗಳಿಂದ ಮನೆಯಲ್ಲಿಯೇ ಅಲಂಕಾರ ಮಾಡುವ ಕುಟುಂಬಗಳಿವೆ.

ಪ್ರಾರ್ಥನೆಯಲ್ಲಿ ಕೈಯಲ್ಲಿ ಹಿಡಿಯುವವು ಮಾದಲ ಹಣ್ಣು, ಖರ್ಜೂರದ ಸುಳಿಗರಿ, ಸುಗಂಧದ ಮರ್ಟಲ್ ಎಲೆ, ಹೊಳೆದಂಡೆಯ ವಿಲೋ ಕೊಂಬೆ ಎಂಬ 4 ಸಸ್ಯಗಳು. ಹಬ್ಬ ಮುಗಿದ ಮೇಲೆ ಮಾದಲವನ್ನು ಹಲವರು ಮುರಬ್ಬ ಮಾಡುತ್ತಾರೆ. ಕೆಲವರು ಅದಕ್ಕೆ ಲವಂಗ ಚುಚ್ಚಿ ಪರಿಮಳಕ್ಕಾಗಿ ಇಟ್ಟುಕೊಳ್ಳುತ್ತಾರೆ. ಗರಿಯನ್ನು ಮುಂದಿನ ವಸಂತದ ಪಾಸ್ಕ ಹಬ್ಬದವರೆಗೆ ಕಾದಿರಿಸಿ, ಆಗ ಉಳಿದ ಹುಳಿರೊಟ್ಟಿಯನ್ನು ಸುಡುವ ಬೆಂಕಿಗೆ ಬಳಸುವ ವಾಡಿಕೆಯೂ ಉಂಟು.

ಇದನ್ನು ಅರಿತಾಗ ನಮ್ಮದೇ ಒಂದು ತಪ್ಪು ನೆನಪಾಯಿತು. ಹಲವು ವರ್ಷಗಳ ಹಿಂದೆ ಒಂದು ಊರಿನ ಬಸವ ಜಯಂತಿಯಲ್ಲಿ ಥರ್ಮಾಕೋಲಿನ ಮಂಟಪವನ್ನು ಉಪನ್ಯಾಸದಲ್ಲಿ ಮನಸಾರೆ ಹೊಗಳಿದ್ದೆವು. ಮರುದಿನ ಬೆಳಿಗ್ಗೆ ಹೊರಡುವಾಗ ತಿಪ್ಪೆಯ ಬಳಿ ಎತ್ತೊಂದು ಪಾಯಸ ಅಂಟಿದ್ದ ಆ ಚೂರುಗಳನ್ನು ಮೆಲ್ಲುತ್ತಿತ್ತು. ಹಿಂದಿನ ಸಂಜೆ ಅದರ ಕೊಂಬಿಗೆ ಹೂ ಕಟ್ಟಿ ಮೆರೆಸಿದ್ದರು. ಅದನ್ನು ಅಟ್ಟಿದೆವು, ಆ ವೇಳೆಗಾಗಲೇ ಎಷ್ಟು ಹೊಟ್ಟೆಗೆ ಹೋಗಿತ್ತೋ ಅರಿಯೆವು. ಅಂದಿನ ಹೊಗಳಿಕೆ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ತೆಂಗಿನ ಗರಿಯ ಹಂದರ, ಬಾಳೆಕಂಬ, ಮಾವಿನ ತೋರಣ ನಮ್ಮ ಹಿರಿಯರಿಗೆ ಸಾಕಾಗಿದ್ದವು. ತಾಯಂದಿರು ಬರುವ ಹಬ್ಬದಲ್ಲಿ ಮಕ್ಕಳ ಕೈಗೆ ದಾರ, ಎಲೆ, ಹಳೆಯ ಕಾಗದಗಳನ್ನು ಕೊಟ್ಟು ನೋಡಲಿ. ಹಬ್ಬ ಮುಗಿದ ಮೇಲೆ ದನದ ಬಾಯಿಗೆ ಅಂಜದೆ ಹಾಕಬಹುದಾದದ್ದೇ ನಮ್ಮ ಮಂಟಪಕ್ಕೆ ಯೋಗ್ಯವಾದ ಶೃಂಗಾರ.