ರಾಜಯಕ್ಷ್ಮ

ದಕ್ಷಪುತ್ರಿಯರಾದ ಇಪ್ಪತ್ತೇಳು ಮಂದಿ ಪತ್ನಿಯರಲ್ಲಿ ರೋಹಿಣಿಯೊಬ್ಬಳಲ್ಲೇ ಅನುರಕ್ತನಾದ ಚಂದ್ರನು ಮಾವನ ಶಾಪದಿಂದ ಕ್ಷಯರೋಗಿಯಾದ ಕಥೆಯನ್ನು ವಾಚಕರು ಬಲ್ಲರು. ಕಥೆಯೇನೋ ರಮಣೀಯವಾದುದೇ, ಆದರೆ ರೋಗಕ್ಕೆ ರೋಗಿಯ ನಡತೆಯೇ ಕಾರಣವೆಂಬ ಭಾವನೆಯನ್ನು ಅದು ಬೇರೂರಿಸಿತು. 1882ರಲ್ಲಿ ಜರ್ಮನಿಯ ಕಾಕ್ ಪಂಡಿತನು ಇದು ಕ್ರಿಮಿಜನ್ಯವಾದ ವ್ಯಾಧಿಯೆಂದು ಸಿದ್ಧಪಡಿಸಿದನು. ಆದರೂ ಮದುವೆಯ ಮಾತುಕತೆ ನಡೆಯುವ ಮನೆಗಳಲ್ಲಿ ಈ ರೋಗದ ಹೆಸರನ್ನು ಮುಚ್ಚಿಡುವ ಪದ್ಧತಿಯು ಇಂದಿಗೂ ಹೋಗಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಆಗ ಬೆಂಗಳೂರು ಜಿಲ್ಲೆಗೇ ಸೇರಿದ್ದುವು. ಸಂಸ್ಥೆಯವರು 1961ರಿಂದ 1968ರವರೆಗೆ ಆ ಜಿಲ್ಲೆಯ 119 ಹಳ್ಳಿಗಳನ್ನು ನಾಲ್ಕು ಸಾರಿ ಸುತ್ತಿ, ಜನರ ಎದೆಯ ಚಿತ್ರ ತೆಗೆದು, ಸಂದೇಹ ಬಂದವರ ಕಫವನ್ನು ಪರೀಕ್ಷಿಸಿದರು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡವರ ಪೈಕಿ ನೂರಕ್ಕೆ 49 ಮಂದಿ ಐದು ವರ್ಷಗಳೊಳಗೆ ಮೃತರಾದರು. 18 ಮಂದಿ ರೋಗವನ್ನು ಹೊತ್ತೇ ಉಳಿದರು. ಮಿಕ್ಕವರು ಗುಣ ಹೊಂದಿದರು. ಮದ್ದು ತಿಳಿಯದ ಕಾಲವಾಗಿದ್ದರೆ ಇದನ್ನು ವಿಧಿಯೆನ್ನಬಹುದಾಗಿದ್ದಿತು. ಆದರೆ ಸ್ಟ್ರೆಪ್ಟೋಮೈಸಿನ್ 1943ರಲ್ಲೇ ದೊರೆತಿದ್ದಿತು; ರೋಗಿಯು ಮನೆಯಲ್ಲಿದ್ದೇ ಮದ್ದು ಸೇವಿಸಿ ಗುಣಹೊಂದಬಲ್ಲನೆಂದು ಮದರಾಸಿನ ವೈದ್ಯರು 1959ರಲ್ಲೇ ತೋರಿಸಿಕೊಟ್ಟಿದ್ದರು. ಮದ್ದಿಗೂ ಹಳ್ಳಿಗೂ ನಡುವಣ ದಾರಿಯೇ ಇದ್ದಿಲ್ಲ.

ತಪ್ಪು ಹಳ್ಳಿಗರದೆಂದು ಹೇಳುವವರುಂಟು. ಮಾಗಡಿಗೆ ನೆರೆಯದಾದ ತುಮಕೂರು ಜಿಲ್ಲೆಯಲ್ಲಿ ಇದೇ ಸಂಸ್ಥೆಯವರು ನಡೆಸಿ 1963ರಲ್ಲಿ ಪ್ರಕಟಿಸಿದ ವಿಚಾರಣೆಯು ಈ ಮಾತನ್ನು ಸುಳ್ಳಾಗಿಸಿತು. ರೋಗಿಗಳಲ್ಲಿ ಅರ್ಧಕ್ಕೆ ಮಿಕ್ಕವರು ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಅವರಲ್ಲಿ ಬಹುಮಂದಿಗೆ ಕೆಮ್ಮಿನ ಔಷಧದ ಶೀಷೆಯನ್ನು ಕೊಟ್ಟು ಕಳುಹಿಸಲಾಗಿದ್ದಿತು!

1962ರಲ್ಲಿ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮವು 1997ರಲ್ಲಿ ಪರಿಷ್ಕೃತವಾಗಿ, 2020ರಲ್ಲಿ ನಿರ್ಮೂಲನವೆಂಬ ಹೆಸರನ್ನು ಪಡೆಯಿತು. 2025ಕ್ಕೆ ರೋಗವನ್ನು ತೊಲಗಿಸುವ ಸಂಕಲ್ಪವಿದ್ದಿತು. ವರ್ಷ ಕಳೆಯಿತು, ರೋಗ ತೊಲಗಲಿಲ್ಲ. ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಿದರು. ಇದಕ್ಕೆ ‘ನಿಕ್ಷಯ’ ಎಂದು ಹೆಸರು. ಪದದ ಸಾಧುತ್ವವನ್ನು ವೈಯಾಕರಣರು ವಿಚಾರಿಸಿಕೊಳ್ಳಲಿ. ಹಣವು ಕಾಲಕ್ಕೆ ಕೈಸೇರಿದರೆ ಸಾಕು.

ಕಷ್ಟವು ಇನ್ನೊಂದು ಕಡೆಯಿರುವುದು. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಈ ರೋಗ ಬೇಗ ತಗಲುವುದು. ಕನಕಪುರ, ರಾಮನಗರಗಳ ಸೀಮೆಯಲ್ಲಿ ಕಲ್ಲುಗಣಿಗಳೋ ಹೇರಳ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳಿನದು. ಎರಡನೆಯ ತಿಂಗಳಿಗೆ ಕೆಮ್ಮು ಅಡಗಿ, ಮೈಯಲ್ಲಿ ಶಕ್ತಿ ಕೂಡಿದೊಡನೆ ಕೂಲಿಯವನು ಗಂಟುಮೂಟೆ ಕಟ್ಟಿ ಬೇರೊಂದು ಗಣಿಗೆ ಹೊರಡುವನು. ಮಿಕ್ಕ ನಾಲ್ಕು ತಿಂಗಳಿನ ಮಾತ್ರೆಗಳು ಅವನ ಹೆಸರಿನಲ್ಲಿ ಹಳೆಯ ಊರಿನ ಆಸ್ಪತ್ರೆಯಲ್ಲೇ ಉಳಿಯುವುವು.