ಕಡಲ ತಡಿಯ ಚಿಗರಿ

ನಾನು ಪ್ರವಾಸಪ್ರಿಯನಲ್ಲ. ಹಾಸಿಗೆ ಬದಲಾದರೆ ನಿದ್ರೆ ಬಾರದು, ನೀರು ಬದಲಾದರೆ ಹಸಿವಾಗದು. ಹೀಗಿದ್ದೂ ಕಳೆದ ಜನವರಿಯಲ್ಲಿ ಚೆನ್ನೈ ಬಿಟ್ಟು ಕೋಡಿಕ್ಕರೈಗೆ ಹೊರಟೆನೆಂದರೆ, ಅದಕ್ಕೆ ಕಾರಣ ನನ್ನ ಒಂಬತ್ತು ವರ್ಷದ ಮೊಮ್ಮಗ. ಪುಸ್ತಕದಲ್ಲಿ ಕೃಷ್ಣಮೃಗದ ಚಿತ್ರ ಕಂಡು, “ಅಜ್ಜಾ, ಇದನ್ನು ನೀವು ನೋಡಿದ್ದೀರಾ?” ಎಂದು ಕೇಳಿದ. “ನೋಡುವುದೇನು, ಕಲ್ಲು ಬೀಸಿ ಓಡಿಸಿದ್ದೇನೆ!” ಎಂದುಬಿಟ್ಟೆ. ಮಗುವಿನ ಮುಖ ಬಾಡಿತು. ಆ ಮುಖವನ್ನು ಅರಳಿಸದೆ ನನಗೆ ಗತಿಯಿರಲಿಲ್ಲ.

ನನ್ನ ಹುಟ್ಟೂರು ರಾಣೇಬೆನ್ನೂರಿನ ಕಡೆ. ಕೃಷ್ಣಮೃಗವೆಂಬ ದೊಡ್ಡ ಹೆಸರು ನಮಗೆ ಗೊತ್ತಿರಲಿಲ್ಲ. ನಮ್ಮ ಬಾಯಲ್ಲಿ ಅದು ಚಿಗರಿ. ಜೋಳದ ಪೈರು ಎದ್ದಿತೆಂದರೆ ಚಿಗರಿಯ ಹಿಂಡು ಬಂದಿತೆಂದೇ ಲೆಕ್ಕ. ಅಪ್ಪ ರಾತ್ರಿಯೆಲ್ಲ ಹೊಲ ಕಾದು ಕೂಗುತ್ತಿದ್ದ. ಒಂದು ಮುಂಜಾನೆ ಕಾವಲಿನ ಸರದಿ ನನ್ನದು. ನಾನೆಸೆದ ಕಲ್ಲು ಒಂದು ಮರಿಯ ಕಾಲಿಗೆ ತಗುಲಿತು. ಅದು ಕುಂಟುತ್ತ ತಾಯಿಯ ಹಿಂದೆ ಹೋಯಿತು. ಅಪ್ಪ ಬೈಯಲಿಲ್ಲ. “ಓಡಸು ಅಂದಿದ್ದೆ, ಹೊಡಿ ಅಂದಿದ್ನೇನು?” ಎಂದಷ್ಟೇ ಹೇಳಿ ಬದುವಿನ ಮೇಲೆ ಕುಳಿತ. 1974ರಲ್ಲಿ ನಮ್ಮ ಸೀಮೆಯಲ್ಲಿ ಚಿಗರಿಗಳಿಗೆಂದೇ ಅಭಯಾರಣ್ಯವಾಯಿತು. ಅಷ್ಟರಲ್ಲಿ ನಾನು ಹೊಟ್ಟೆಪಾಡಿಗೆ ಮದರಾಸು ಸೇರಿದ್ದೆ.

ತಿರುವಾರೂರಿನವರೆಗೆ ರೈಲು, ಮುಂದೆ ಬಾಡಿಗೆಯ ಮೋಟಾರು. ವೇದಾರಣ್ಯದ ಬಳಿ ದಾರಿಯ ಎರಡು ಕಡೆಯೂ ಉಪ್ಪಿನ ಗದ್ದೆಗಳು. 1930ರಲ್ಲಿ ರಾಜಾಜಿಯವರು ತಿರುಚಿನಾಪಳ್ಳಿಯಿಂದ ನಡೆದು ಬಂದು ಉಪ್ಪಿನ ಸತ್ಯಾಗ್ರಹ ನಡೆಸಿದ ನೆಲವಿದು. ಅದನ್ನು ದಾಟಿದರೆ ಕೋಡಿಕ್ಕರೈ. ತೆಂಕಣಕ್ಕೆ ಇಳಿದು ಬರುವ ಚೋಳಮಂಡಲದ ಕರಾವಳಿ ಇಲ್ಲಿ ಥಟ್ಟನೆ ಪಡುವಣಕ್ಕೆ ಹೊರಳುತ್ತದೆ. 1967ರಿಂದ ಇದು ಅಭಯಾರಣ್ಯ. ಕಾಡೆಂದರೆ ಮುಗಿಲು ಮುಟ್ಟುವ ಮರಗಳಲ್ಲ. ಗಿಡ್ಡನೆಯ, ಒತ್ತೊತ್ತಾದ, ಒಣ ನೆಲದಲ್ಲಿಯೂ ಹಸಿರು ಬಿಡದ ಮರಗಳು. ಶ್ರೀರಾಮನ ಪಾದವಿದೆಯೆಂದು ಜನ ಕೈಮುಗಿಯುವ ದಿಬ್ಬವೇ ಇಲ್ಲಿನ ಬೆಟ್ಟ!

ಬೆಳಗ್ಗೆ ಕಡಲ ದಂಡೆಯಲ್ಲಿ ಅಲೆದೆವು. ಹಿನ್ನೀರಿನಲ್ಲಿ ರಾಜಹಂಸಗಳು ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಸೋಸಿ ತಿನ್ನುತ್ತಿದ್ದವು. ಮೊಮ್ಮಗನಿಗೆ ಅದಾವುದೂ ಸಾಲದು. ಹೊತ್ತೇರಿದ ಮೇಲೆ ಕಾವಲುಗಾರರೊಬ್ಬರು ನಮ್ಮನ್ನು ಹುಲ್ಲುಬಯಲಿಗೆ ಕರೆದೊಯ್ದರು. ಅಲ್ಲಿದ್ದವು! ತಿರುಚುಗೊಂಬಿನ ಕಪ್ಪು ಬೆನ್ನಿನ ಹೋರಿ ಒಂದು. ಸುತ್ತ ಕಂದು ಬಣ್ಣದ ಹೆಣ್ಣುಗಳು, ಮರಿಗಳು. ಹಿಂದೆ ನೀಲಿ ಕಡಲು. ಜೋಳದ ಹೊಲದಾಚೆ ಕಂಡ ಪ್ರಾಣಿಯನ್ನು ಸಮುದ್ರದ ಅಂಚಿನಲ್ಲಿ ಕಂಡು ನನಗೆ ತವರಿನವರು ಎದುರಾದಂತಾಯಿತು.

“ವೆಳಿಮಾನ್” ಎಂದರು ಕಾವಲುಗಾರರು. ಬಯಲ ಜಿಂಕೆ ಎಂದರ್ಥ. “ನಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಅಜ್ಜಾ?” ಎಂದ ಮೊಮ್ಮಗ. “ಚಿಗರಿ” ಎಂದೆ. ಅವನು ಪಿಸುಮಾತಿನಲ್ಲಿ ಎರಡು ಸಲ ಹೇಳಿ ನೋಡಿದ.

ಬಯಲಿನ ಅಂಚನ್ನು ಮುಳ್ಳಿನ ಗಿಡಗಳು ಆಕ್ರಮಿಸಿದ್ದವು. ದೂರದ ಅಮೆರಿಕದಿಂದ ಬಂದ ಗಿಡವದು. ನಾವು ಮಾತ್ರ ಅದಕ್ಕೆ ಬಳ್ಳಾರಿ ಜಾಲಿ ಎಂದು ಹೆಸರಿಟ್ಟು ನಮ್ಮದಾಗಿಸಿಕೊಂಡಿದ್ದೇವೆ. ಅದು ಹಬ್ಬಿದಲ್ಲಿ ಹುಲ್ಲಿಲ್ಲ. ಉಳಿದ ಹುಲ್ಲಿಗೆ, ಒಡೆಯರಿಲ್ಲದೆ ಕಾಡುಬಿದ್ದ ಕುದುರೆಗಳೂ ಪಾಲುದಾರರು. ಬಯಲಿಲ್ಲದ ಚಿಗರಿ ಹೊಲಕ್ಕೆ ನುಗ್ಗದೆ ಇನ್ನೆಲ್ಲಿಗೆ ಹೋದೀತು? ಈ ಪ್ರಶ್ನೆ ಹುಡುಗನಾಗಿದ್ದಾಗ ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಹೊಳೆದಿತ್ತೇನೋ. ಆದರೆ ನಮ್ಮ ಹೊಟ್ಟೆಗೂ ಅದೇ ಜೋಳ ಬೇಕಾಗಿತ್ತಲ್ಲ!

ಅಲ್ಲೇ ಕುಳಿತು, ಅರವತ್ತು ವರ್ಷ ಯಾರಿಗೂ ಹೇಳದ ಆ ಮರಿಯ ಕಥೆಯನ್ನು ಮೊಮ್ಮಗನಿಗೆ ಹೇಳಿದೆ.

“ಕಾಲು ವಾಸಿಯಾಯಿತಾ ಅಜ್ಜಾ?”

“ಗೊತ್ತಿಲ್ಲ ಮಗೂ.”

ಅವನು ಮತ್ತೇನೂ ಕೇಳಲಿಲ್ಲ.

ಸಂಜೆ ಹಿಂದಿರುಗುವಾಗ ಹೆಣ್ಣು ಚಿಗರಿಯೊಂದು ಮರಿಯೊಡನೆ ದಾರಿಯ ನಡುವೆ ನಿಂತಿತ್ತು. ರೈಲಿಗೆ ಹೊತ್ತಾಗುತ್ತಿತ್ತು. ಚಾಲಕರು ಹಾರನ್ನಿನ ಮೇಲೆ ಕೈಯಿಟ್ಟರು. ಮೊಮ್ಮಗ ತಮಿಳಿನಲ್ಲಿ ಅವರನ್ನು ಬೇಡಿಕೊಂಡು ತಡೆದ, ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದ: “ಚಿಗರಿ ತಾನಾಗಿಯೇ ಹೋಗಲಿ ಅಜ್ಜಾ.”

ಅದು ಹೋಗುವವರೆಗೂ ಕಾದೆವು.