ವೀಸಾ ದಾಟುತ್ತೆ, ಸಿಮ್ ದಾಟಲ್ಲ

ದಕ್ಷಿಣ ಜರ್ಮನಿಯ ಕೊನ್‌ಸ್ಟಾಂಟ್ಸ್ ಊರು ಮುಗಿಯುವಲ್ಲೇ ಸ್ವಿಟ್ಜರ್‌ಲ್ಯಾಂಡ್ ಶುರುವಾಗುತ್ತೆ. ಬೋಡೆನ್ ಸರೋವರದ ದಡದಲ್ಲಿ ಎರಡು ದೇಶಗಳ ನಡುವೆ ಹಿಂದೆ ಬೇಲಿ ಇತ್ತು. ಈಗ ಅದೇ ಜಾಗದಲ್ಲಿ ಟ್ಯಾರೋ ಕಾರ್ಡ್‌ಗಳನ್ನು ನೆನಪಿಸುವ 22 ಶಿಲ್ಪಗಳು ನಿಂತಿವೆ. ಜನ ಅವುಗಳ ನಡುವೆ ಆರಾಮಾಗಿ ಸೈಕಲ್ ಹೊಡೀತಾರೆ. ನಮ್ಮ ಷೆಂಗನ್ ವೀಸಾ ಎರಡೂ ಕಡೆ ನಡೆಯುತ್ತೆ. ಗಡಿ ಉಳಿದಿರೋದು ಜೇಬಿನೊಳಗಿನ ಫೋನಿಗೆ ಮಾತ್ರ!

ಕಾರಣ ಇಷ್ಟೇ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದಲ್ಲಿ ಒಂದು ದೇಶದ ಸಿಮ್ ಅನ್ನು ಇನ್ನೊಂದು ದೇಶದಲ್ಲಿ ಬಳಸಿದರೆ, ಮಿತಿಯೊಳಗೆ, ರೋಮಿಂಗ್‌ಗೆ ಹೆಚ್ಚುವರಿ ಹಣ ಕೊಡಬೇಕಿಲ್ಲ. ನಾರ್ವೆ, ಐಸ್‌ಲ್ಯಾಂಡ್, ಪುಟ್ಟ ಲಿಕ್ಟನ್‌ಸ್ಟೈನ್ ಕೂಡ ಈ ನಿಯಮದೊಳಗಿವೆ. ಸ್ವಿಟ್ಜರ್‌ಲ್ಯಾಂಡ್ ಇಲ್ಲ. ಕೆಲವು ಪ್ಲ್ಯಾನ್‌ಗಳು ಅದನ್ನೂ ಸೇರಿಸಿಕೊಡುತ್ತವೆ, ಆದರೆ ಕೊಡಲೇಬೇಕೆಂಬ ಕಾನೂನಿಲ್ಲ. ಹಾಗಾಗಿ ಸಿಮ್ ಅಥವಾ ಇ-ಸಿಮ್ ಮೇಲೆ ‘ಯೂರೋಪ್’ ಅಂತಿದ್ರೆ ಸಾಲದು, ದೇಶಗಳ ಪಟ್ಟಿ ಓದಿ.

ಫೋನು ನಕ್ಷೆ ನೋಡಲ್ಲ, ಟವರ್ ನೋಡುತ್ತೆ. ಜರ್ಮನಿಯ ದಡದಲ್ಲಿ ಕೂತು ಐಸ್‌ಕ್ರೀಮ್ ತಿಂತಿದ್ರೂ ಆಚೆ ದಡದ ಸಿಗ್ನಲ್ ಹಿಡಿದುಬಿಡಬಹುದು. ನಾವು ಸುಮ್ಮನಿದ್ರೂ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಸುಮ್ಮನಿರಲ್ಲ.

ಆಫೀಸ್ ಕೆಲಸಕ್ಕೆ ಜರ್ಮನಿಗೆ ಬಂದು ವಾರಾಂತ್ಯದಲ್ಲಿ ಇಲ್ಲಿ ಸುತ್ತುವಾಗ ನಾನು ಮಾಡೋದು ಇಷ್ಟು: ಹೊರಡುವ ಮೊದಲು ವೈಫೈನಲ್ಲಿ ಆಫ್‌ಲೈನ್ ಮ್ಯಾಪ್, ರೈಲು ಟಿಕೆಟ್ ಇಳಿಸಿಕೊಳ್ತೀನಿ. ಗಡಿ ಹತ್ತಿರ ಬಂದಾಗ ಜರ್ಮನ್ ಸಿಮ್‌ನ ಡೇಟಾ ರೋಮಿಂಗ್ ಆಫ್. ಶಾಫ್‌ಹೌಸನ್ ಬಳಿಯ ರೈನ್ ಜಲಪಾತದ ಫೋಟೊಗಳು ಸಂಜೆ ವೈಫೈ ಸಿಕ್ಕ ಮೇಲೆ ಊರಿಗೆ ಹೋದ್ರೆ ಏನೂ ನಷ್ಟವಿಲ್ಲ. ಅದೇ ಸರೋವರದ ಇನ್ನೊಂದು ತುದಿಯ ಬ್ರೆಗೆಂಟ್ಸ್ ಆಸ್ಟ್ರಿಯಾದಲ್ಲಿದೆ. ಅಲ್ಲಿ ಮತ್ತೆ ಆನ್.

ಭಾರತದ ಸಿಮ್ ಅನ್ನು ತೆಗೆದಿಡಬೇಡಿ, ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ. ಎಸ್‌ಎಂಎಸ್ ಬಂದರೆ ಸಾಮಾನ್ಯವಾಗಿ ಖರ್ಚಿಲ್ಲ. ಅಂತರರಾಷ್ಟ್ರೀಯ ರೋಮಿಂಗ್ ಅನ್ನು ಊರಲ್ಲೇ ಆನ್ ಮಾಡಿಸಿಕೊಂಡು, ಆ ಸಿಮ್‌ನ ಡೇಟಾ ಮಾತ್ರ ಆಫ್ ಇಡಿ. ಪ್ಯಾಕ್ ಇಲ್ಲದಿದ್ದರೆ ಬಂದ ಕಾಲ್ ಎತ್ತಿದರೂ ದುಡ್ಡು. ‘ಸರ್, ಪರ್ಸನಲ್ ಲೋನ್ ಬೇಕಾ?’ ಅನ್ನೋರಿಗೆ ‘ಬೇಡ’ ಅನ್ನೋಕೂ ನಾವೇ ದುಡ್ಡು ಕೊಡಬೇಕು.

ಇದನ್ನೆಲ್ಲ ವಿವರಿಸಿ ಅಮ್ಮನಿಗೆ ‘ವಾಟ್ಸ್ಆ್ಯಪ್‌ನಲ್ಲೇ ಮಾಡು’ ಅಂದೆ. ‘ನಿಂಗೆ ನೆಟ್ ಇಲ್ದಿದ್ದಾಗ ಅಪ್ಪಂಗೆ ಏನಾದ್ರೂ ಆದ್ರೆ ಏನೋ ಮಾಡ್ಲಿ?’ ಅಂದಳು. ನನ್ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಪ್ಪನಿಗೆ ಸ್ಟೆಂಟ್ ಹಾಕಿ ಆಗಿನ್ನೂ ಎಂಟು ತಿಂಗಳು.

ಕೊನೆಗೆ ಒಂದು ಒಪ್ಪಂದ ಆಯ್ತು. ಹರಟೆ, ಊಟ, ಮದುವೆ ಮಾತುಕತೆ ಎಲ್ಲ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ. ಭಾರತದ ನಂಬರಿಗೆ ಮಾಮೂಲಿ ಕಾಲ್ ಬಂತೆಂದರೆ ಅದು ಅರ್ಜೆಂಟ್, ನಿಮಿಷಕ್ಕೆ ಎಷ್ಟೇ ಆಗಲಿ ಎತ್ತುತ್ತೀನಿ. ಅದಕ್ಕೆಂದೇ ಆ ಸಿಮ್‌ನಲ್ಲಿ ಸ್ವಲ್ಪ ಬ್ಯಾಲೆನ್ಸ್ ಇಟ್ಟಿದ್ದೀನಿ. ನೀವೂ ಪ್ಯಾಕ್, ಪ್ಲ್ಯಾನ್ ಹೋಲಿಸುವ ಮುಂಚೆ ಮನೆಯವರ ಜೊತೆ ಈ ಮಾತು ಮುಗಿಸಿಕೊಳ್ಳಿ. ಉಳಿಸಬೇಕಾದದ್ದು ಆ್ಯಪ್‌ಗಳು ನುಂಗುವ ದುಡ್ಡು, ಅಮ್ಮನ ಕಾಲ್‌ನದಲ್ಲ.